ಬಿಸಿಲ ಸೀಮೆಯ ಕತ್ತಲೆಕೋಣೆ: ಕಪ್ಪು-ಬಿಳುಪು ಫಿಲಮಿಗೆ ಡೆವಲಪರಿನ ಆಯ್ಕೆ

ಕ್ಯಾಮೆರಾದಿಂದ ಹೊರತೆಗೆದ ರೋಲಿನಲ್ಲಿ ಬಿಂಬ ಮೂಡಿಸುವ ಕೆಲಸಕ್ಕೆ ಕನ್ನಡದ ಆಡುಮಾತಿನಲ್ಲಿ ನೆಲೆನಿಂತಿರುವ ಹೆಸರು 'ತೊಳೆಯುವುದು'. ನೀರು, ಟ್ರೇ, ದಾರಕ್ಕೆ ಒಣಹಾಕಿದ ಫಿಲಮಿನ ಪಟ್ಟಿ ಇವನ್ನು ಕಂಡವರಿಗೆ ಆ ಪದ ಸಹಜವಾಗಿಯೇ ಹೊಳೆದಿರಬೇಕು. ಆದರೆ ಅದರೊಳಗೆ ಒಂದು ತಪ್ಪು ತಿಳಿವಳಿಕೆಯೂ ಸೇರಿಕೊಂಡಿದೆ. ಯಾವ ನೀರಿನಲ್ಲಿ ತೊಳೆದರೂ ಬಟ್ಟೆ ಅದೇ ಬಟ್ಟೆಯಾಗಿ ಉಳಿಯುತ್ತದೆ, ಒಂದೇ ರೋಲಿನ ಎರಡು ತುಂಡುಗಳನ್ನು ಎರಡು ಬೇರೆ ಡೆವಲಪರುಗಳಲ್ಲಿ, ಅಂದರೆ ಬಿಂಬ ಮೂಡಿಸುವ ದ್ರಾವಣಗಳಲ್ಲಿ, ಅದ್ದಿದರೆ ಮಾತ್ರ ಎರಡು ಬೇರೆ ಚಿತ್ರಗಳೇ ಹೊರಬರಬಹುದು. ಒಂದರಲ್ಲಿ ಕಣ ನಯವಾಗಿ ಅಂಚು ಮೆತ್ತಗಾಗಿರುತ್ತದೆ, ಇನ್ನೊಂದರಲ್ಲಿ ಅಂಚು ಚೂಪಾಗಿ ಕಣ ಎದ್ದು ಕಾಣುತ್ತದೆ. ಒಂದರಲ್ಲಿ ನೆರಳಿನೊಳಗಿನ ವಿವರ ಉಳಿದಿರುತ್ತದೆ, ಇನ್ನೊಂದರಲ್ಲಿ ಅದು ಬರಿಯ ಗಾಜಿನಂತೆ ಖಾಲಿಯಾಗಿರುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಅದರಲ್ಲಿ ಡೆವಲಪರಿನ ಪಾಲೆಷ್ಟು, ಬಿಸಿಲು ಮತ್ತು ನೀರಿನ ಪಾಲೆಷ್ಟು ಎಂಬುದೇ ಈ ಸಮೀಕ್ಷೆಯ ವಿಷಯ.

ಫಿಲಮಿನ ಮೇಲಿನ ಲೇಪ, ಅಂದರೆ ಎಮಲ್ಷನ್, ಜಿಲೆಟಿನ್ ಎಂಬ ಅಂಟಿನಲ್ಲಿ ಹರಡಿದ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿಂದ ಕೂಡಿರುತ್ತದೆ. ಶಟರ್ ತೆರೆದ ಕ್ಷಣದಲ್ಲಿ ಬೆಳಕು ಬಿದ್ದ ಹರಳುಗಳಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದೆಡೆ ಕೂಡಿಕೊಳ್ಳುತ್ತವೆ. ಕಣ್ಣಿಗಾಗಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕಾಗಲಿ ಕಾಣದ ಈ ಗುರುತಿಗೆ ಸುಪ್ತಬಿಂಬ ಎನ್ನಬಹುದು. ಡೆವಲಪರ್ ಆ ಗುರುತಿರುವ ಹರಳುಗಳನ್ನು ಆರಿಸಿಕೊಂಡು, ಒಂದೊಂದನ್ನೂ ಪೂರ್ತಿಯಾಗಿ ಲೋಹದ ಬೆಳ್ಳಿಯನ್ನಾಗಿ ಪರಿವರ್ತಿಸುತ್ತದೆ. ಕೆಲವು ಪರಮಾಣುಗಳ ಸುಳಿವನ್ನು ಹಿಡಿದು ಅದನ್ನು ನೂರು ಕೋಟಿ ಪಟ್ಟಿನವರೆಗೆ ಹಿಗ್ಗಿಸುವ ಈ ಕ್ರಿಯೆ ರಸಾಯನಶಾಸ್ತ್ರದ ಅತಿ ದೊಡ್ಡ ವರ್ಧನೆಗಳಲ್ಲೊಂದು. ಹೀಗೆ ಹುಟ್ಟುವ ಬೆಳ್ಳಿ ಎಳೆಎಳೆಯಾಗಿ ಸಿಕ್ಕುಗಟ್ಟಿದೆಯೋ ಗುಂಡಗೆ ಒತ್ತಾಗಿದೆಯೋ, ಪಕ್ಕದ ಹರಳಿನೊಂದಿಗೆ ಗಂಟಾಗಿದೆಯೋ ಬಿಡಿಯಾಗಿದೆಯೋ ಎಂಬುದನ್ನು ಬಹುಮಟ್ಟಿಗೆ ದ್ರಾವಣವೇ ತೀರ್ಮಾನಿಸುತ್ತದೆ, ಆದ್ದರಿಂದ ಬಿಂಬದ ಮೈಕಟ್ಟು ಅಲ್ಲಿಯೇ ಗೊತ್ತಾಗಿಬಿಡುತ್ತದೆ.

ಡೆವಲಪರ್ ಎಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಬೆಳ್ಳಿಯ ಲವಣವನ್ನು ಬೆಳ್ಳಿಯಾಗಿಸುವ ಮೂಲವಸ್ತು ಒಂದೋ ಎರಡೋ ಇರುತ್ತವೆ, ಮೆಟಾಲ್ ಮತ್ತು ಹೈಡ್ರೋಕ್ವಿನೋನ್ ಇವುಗಳಲ್ಲಿ ಹೆಚ್ಚು ಬಳಕೆಯವು. ಅವಕ್ಕೆ ಚುರುಕು ಕೊಡಲು ಬೊರ್ಯಾಕ್ಸ್ ಅಥವಾ ಸೋಡಾದಂಥ ಕ್ಷಾರ ಬೇಕು. ಗಾಳಿಗೆ ಕೆಡದಂತೆ ಕಾಯಲು ಸೋಡಿಯಂ ಸಲ್ಫೈಟ್ ಬೇಕು. ಬೆಳಕು ಬೀಳದ ಹರಳುಗಳೂ ಕಪ್ಪಾಗಿ ಮಬ್ಬು ಕವಿಯದಂತೆ ತಡೆಯಲು ಕೆಲವೊಮ್ಮೆ ಪೊಟ್ಯಾಸಿಯಂ ಬ್ರೋಮೈಡ್ ಬೇಕು. ಹೈಡ್ರೋಕ್ವಿನೋನಿನ ಗುಣವನ್ನು ಬ್ರಿಟಿಷ್ ವಿಜ್ಞಾನಿ ಆಬ್ನಿ 1880ರಲ್ಲಿಯೇ ತೋರಿಸಿದ್ದನು. ಮೆಟಾಲ್ ಮತ್ತು ಹೈಡ್ರೋಕ್ವಿನೋನ್ ಜೊತೆಗೂಡಿದಾಗ ಅವುಗಳ ಬಿಡಿ ಶಕ್ತಿಗಳ ಮೊತ್ತವನ್ನೂ ಮೀರಿದ ಕೆಲಸ ನಡೆಯುತ್ತದೆ, ಏಕೆಂದರೆ ದುಡಿದು ಸೋತ ಮೆಟಾಲನ್ನು ಹೈಡ್ರೋಕ್ವಿನೋನ್ ಮತ್ತೆ ದುಡಿಯಲು ಎಬ್ಬಿಸಿ ಕಳಿಸುತ್ತದೆ. ಈ ಜೋಡಿಯ ಮೇಲೆಯೇ ಇಪ್ಪತ್ತನೆಯ ಶತಮಾನದ ಬಹುಪಾಲು ಕತ್ತಲೆಕೋಣೆಗಳು ನಡೆದವು.

ಕೊಡಕ್ ಕಂಪನಿ 1927ರಲ್ಲಿ ಪ್ರಕಟಿಸಿದ ಡಿ-76 ಈ ಜೋಡಿಯ ಅತ್ಯಂತ ಪ್ರಸಿದ್ಧ ಪಾಕ. ಒಂದು ಲೀಟರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೊರ್ಯಾಕ್ಸ್: ಇಷ್ಟೇ. ಸಿನಿಮಾದ ಪ್ರತಿ-ನೆಗೆಟಿವುಗಳಿಗೆಂದು ರೂಪುಗೊಂಡ ಈ ದ್ರಾವಣ ಸ್ಥಿರಚಿತ್ರದವರ ಕೈಗೆ ಬಂದು, ಇಲ್ಫೋರ್ಡ್ ಕಂಪನಿಯಲ್ಲಿ ಐಡಿ-11 ಎಂಬ ಹೆಸರು ಪಡೆದು, ಇಂದಿಗೂ ಬೇರೆ ಡೆವಲಪರುಗಳನ್ನು ಹೋಲಿಸಿ ನೋಡುವ ಅಳತೆಗೋಲಾಗಿ ಉಳಿದಿದೆ. ಇದರಲ್ಲಿ ಗಮನಿಸಬೇಕಾದ ಅಂಕಿ 100 ಗ್ರಾಂ ಸಲ್ಫೈಟ್. ದ್ರಾವಣ ಕೆಡದಂತೆ ಕಾಯಲು ಅಷ್ಟು ಬೇಕಾಗಿಲ್ಲ; ಅಷ್ಟು ಪ್ರಮಾಣದಲ್ಲಿದ್ದಾಗ ಸಲ್ಫೈಟು ಹರಳುಗಳ ಅಂಚನ್ನು ಅಲ್ಪಸ್ವಲ್ಪ ಕರಗಿಸಲು ತೊಡಗುತ್ತದೆ. ಹೊಳೆಯ ಕಲ್ಲು ಉರುಳಿ ನಯವಾಗುವಂತೆ ಕಣಗಳ ಮೂಲೆ ಸವೆದು ಚಿತ್ರ ನುಣುಪಾಗುತ್ತದೆ, ಆ ಸವೆತದ ಬೆಲೆಯಾಗಿ ಅಂಚುಗಳ ಚೂಪು ಸ್ವಲ್ಪ ಕಡಿಮೆಯಾಗುತ್ತದೆ. ಇದೇ ದ್ರಾವಣಕ್ಕೆ ಸಮ ಪ್ರಮಾಣದ ನೀರು ಬೆರೆಸಿದರೆ ಸಲ್ಫೈಟು ಅರ್ಧಕ್ಕಿಳಿದು ಕರಗಿಸುವ ಗುಣ ಕುಗ್ಗುತ್ತದೆ, ಚೂಪು ಮರಳುತ್ತದೆ, ಕಣವೂ ಸ್ವಲ್ಪ ಮೇಲೇಳುತ್ತದೆ. ಒಂದೇ ಬಾಟಲಿಯಿಂದ ಎರಡು ಸ್ವಭಾವದ ಡೆವಲಪರು ಸಿಗುವುದು ಹೀಗೆ.

ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿರುವುದು ರೋಡಿನಾಲ್. ಆಗ್ಫಾ ಕಂಪನಿಯ ಮೊಮ್ಮೆ ಆಂಡ್ರೆಸೆನ್ 1891ರಲ್ಲಿ ಪೇಟೆಂಟ್ ಪಡೆದ ಈ ದ್ರಾವಣ ಒಂದು ಪಾಲಿಗೆ 25, 50, ಕೆಲವೊಮ್ಮೆ 100 ಪಾಲು ನೀರು ಬೆರೆಸಿ ಬಳಸುವಷ್ಟು ಸಾಂದ್ರವಾದದ್ದು. ಅಷ್ಟು ತೆಳುವಾದ ಮೇಲೆ ಕರಗಿಸುವ ಗುಣ ಹೆಸರಿಗೂ ಇರುವುದಿಲ್ಲ, ಆದ್ದರಿಂದ ಕಣ ಹೇಗಿತ್ತೋ ಹಾಗೆಯೇ ಉಳಿದು ಚಿತ್ರದಲ್ಲಿ ರವೆಯಂತೆ ಕಾಣುತ್ತದೆ, ಅಂಚುಗಳು ಕೆತ್ತಿದಂತಿರುತ್ತವೆ. ಕಡಿಮೆ ವೇಗದ, ಅಂದರೆ ಬೆಳಕಿಗೆ ಕಡಿಮೆ ಸ್ಪಂದಿಸುವ, ಫಿಲಮಿನಲ್ಲಿ ಇದು ಸೊಗಸು. ವೇಗದ 35 ಎಂಎಂ ಫಿಲಮಿನಲ್ಲಿ ಮುಖದ ಚರ್ಮ ಒರಟಾಗಿ ಕಾಣುತ್ತದೆಂದು ಭಾವಚಿತ್ರ ತೆಗೆಯುವವರು ಇದನ್ನು ದೂರವಿಡುವುದುಂಟು.

ಕಣದ ನಯ, ಚೂಪು, ವೇಗ ಈ ಮೂರನ್ನೂ ಒಟ್ಟಿಗೆ ಹೆಚ್ಚಿಸುವ ಡೆವಲಪರು ಇಲ್ಲ. ಕಣವನ್ನು ಅತಿ ನಯಗೊಳಿಸುವ ಪರ್ಸೆಪ್ಟಾಲಿನಂಥವು ಫಿಲಮಿನ ವೇಗವನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ ಅಥವಾ ಅರ್ಧ) ಅಥವಾ ಅದಕ್ಕೂ ಹೆಚ್ಚು ತಿಂದುಹಾಕುತ್ತವೆ. ಇಲ್ಫೋರ್ಡಿನ ಕೆಂಡಾಲ್ 1940ರಲ್ಲಿ ಕಂಡುಕೊಂಡ ಫೆನಿಡೋನನ್ನು ಆಧರಿಸಿದ ಮೈಕ್ರೋಫೆನ್ ವೇಗವನ್ನು ಅರ್ಧ ಸ್ಟಾಪಿನಷ್ಟು ಹೆಚ್ಚಿಸುತ್ತದೆ, ಕಣದಲ್ಲಿ ಆ ಸಾಲವನ್ನು ತೀರಿಸಿಕೊಳ್ಳುತ್ತದೆ. 1996ರಲ್ಲಿ ಕೊಡಕ್ ಹೊರತಂದ ಎಕ್ಸ್‌ಟಾಲ್, ಸಿ ಜೀವಸತ್ವದ ಬಳಗದ ಆಸ್ಕಾರ್ಬೇಟನ್ನು ಬಳಸಿ ಈ ಮೂರರ ನಡುವೆ ಹಿಂದಿನವುಗಳಿಗಿಂತ ಒಳ್ಳೆಯ ಹೊಂದಾಣಿಕೆ ಸಾಧಿಸಿತು, ಆದರೂ ಲೆಕ್ಕವನ್ನು ಅಳಿಸಿಹಾಕಲಿಲ್ಲ. ಡೆವಲಪರನ್ನು ಆರಿಸುವವನು ಯಾವ ಲಾಭ ಬೇಕೆಂದು ಕೇಳಿಕೊಳ್ಳುವುದಕ್ಕಿಂತ ಯಾವ ನಷ್ಟವನ್ನು ತಾಳಿಕೊಳ್ಳಬಲ್ಲೆನೆಂದು ಕೇಳಿಕೊಳ್ಳುವುದು ಮೇಲು.

ಈ ಮಾತನ್ನು ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಶೇಡಬಾಳದ ಸುತ್ತಿನ ಒಂದು ಸಾಮಾನ್ಯ ದೃಶ್ಯದ ಮೇಲೆ ಇಟ್ಟು ನೋಡಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಕಬ್ಬಿನ ಹೊಲದ ಬದುವಿನ ಮೇಲೆ ನಿಂತ ವಯಸ್ಸಾದ ರೈತ. ತಲೆಯ ಮೇಲೆ ಬಿಳಿಯ ಗಾಂಧಿ ಟೋಪಿ, ಮೈಮೇಲೆ ಬಿಳಿಯ ಅಂಗಿ, ಸೊಂಟಕ್ಕೆ ಬಿಳಿಯ ಧೋತರ, ಕಾಲಡಿ ಎರೆಮಣ್ಣು, ಹಿಂದೆ ಕಬ್ಬಿನ ಸಾಲುಗಳ ನಡುವಿನ ಕಪ್ಪು ನೆರಳು. ಟೋಪಿಯ ಬಟ್ಟೆಗೂ ಹುಬ್ಬಿನ ಕೆಳಗಿನ ಕಣ್ಣಿನ ಕುಳಿಗೂ ನಡುವೆ ಬೆಳಕಿನ ಅಂತರ ಅತಿ ದೊಡ್ಡದು. ಕಣ್ಣಿನ ಸುತ್ತಲಿನ ನೆರಿಗೆ ಬೆಳಕು-ನೆರಳು ಅದಲುಬದಲಾಗಿ ಮೂಡುವ ನೆಗೆಟಿವಿನಲ್ಲಿ ಉಳಿಯಬೇಕಾದರೆ ಶಟರು ಸಾಕಷ್ಟು ಹೊತ್ತು ತೆರೆದಿರಬೇಕು. ಅಷ್ಟು ಬೆಳಕು ಒಳಗೆ ಬಿಟ್ಟ ಮೇಲೆ ಟೋಪಿಯ ಭಾಗ ಡೆವಲಪರಿನಲ್ಲಿ ಕಪ್ಪಾಗುತ್ತ ಕಪ್ಪಾಗುತ್ತ ಹೋಗಿ, ಕಾಗದದ ಮೇಲೆ ಹೊಲಿಗೆಯಾಗಲಿ ನೇಯ್ಗೆಯಾಗಲಿ ಇಲ್ಲದ ಸುಣ್ಣದ ಮಚ್ಚೆಯಾಗುತ್ತದೆ. ನೆರಳಿಗೆ ತಕ್ಕಂತೆ ಬೆಳಕು ಕೊಡು, ಬಿಳುಪಿಗೆ ತಕ್ಕಂತೆ ಡೆವಲಪ್ ಮಾಡು ಎಂಬ ಹಳೆಯ ಸೂತ್ರ ಹುಟ್ಟಿದ್ದು ಇಂಥ ಇಕ್ಕಟ್ಟಿನಿಂದಲೇ. ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಸಂಶೋಧಕರು 1890ರಲ್ಲಿ ಬೆಳಕಿನ ಪ್ರಮಾಣಕ್ಕೂ ನೆಗೆಟಿವಿನ ಕಪ್ಪಿಗೂ ಇರುವ ಸಂಬಂಧವನ್ನು ವಕ್ರರೇಖೆಯಾಗಿ ಬರೆದು ತೋರಿಸಿದ ಮೇಲೆ ಈ ಸೂತ್ರಕ್ಕೆ ಲೆಕ್ಕದ ಬೆಂಬಲ ದೊರೆಯಿತು: ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟಷ್ಟೂ ಆ ರೇಖೆ ಕಡಿದಾಗುತ್ತ ಹೋಗುತ್ತದೆ, ಬಿಳಿಯ ಭಾಗಗಳು ಬೇಗ ಮೇಲೇರುತ್ತವೆ, ನೆರಳಿನ ಭಾಗಗಳು ಇದ್ದಲ್ಲಿಂದ ಹೆಚ್ಚು ಕದಲುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ತೆಳುಗೊಳಿಸಿದ ಡೆವಲಪರು. ಫಿಲಮನ್ನು ಡೆವಲಪರಿನಲ್ಲಿ ಮುಳುಗಿಸಿಟ್ಟ ಟ್ಯಾಂಕಿನೊಳಗೆ ಟೋಪಿಯ ಬಿಂಬವಿರುವ ಜಾಗದಲ್ಲಿ ಕೆಲಸ ಹೆಚ್ಚು, ಅಲ್ಲಿಯ ಲೇಪದೊಳಗೆ ಇಳಿದ ದ್ರಾವಣ ಬೇಗ ದಣಿಯುತ್ತದೆ. ಕಣ್ಣಿನ ನೆರಳಿರುವ ಜಾಗದಲ್ಲಿ ಕೆಲಸ ಕಡಿಮೆ, ಅಲ್ಲಿಯ ದ್ರಾವಣ ಕೊನೆಯವರೆಗೂ ದುಡಿಯುತ್ತಿರುತ್ತದೆ. ಟ್ಯಾಂಕನ್ನು ಮೇಲಿಂದ ಮೇಲೆ ಅಲುಗಾಡಿಸದೆ ನಿಮಿಷಕ್ಕೊಮ್ಮೆ ಮೆಲ್ಲಗೆ ತಿರುಗಿಸಿದರೆ ಈ ದಣಿವು ಹಾಗೆಯೇ ನಿಂತು ಬಿಳುಪು ತಡೆಹಿಡಿಯಲ್ಪಡುತ್ತದೆ, ನೆರಳು ತುಂಬಿಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮವೂ ಇದೇ ದಣಿವಿನಿಂದ ಹುಟ್ಟುತ್ತದೆ. ಟೋಪಿ ಮುಗಿದು ಹಣೆ ಆರಂಭವಾಗುವ ಗೆರೆಯಲ್ಲಿ ಹಣೆಯ ಕಡೆಯ ತಾಜಾ ದ್ರಾವಣ ಟೋಪಿಯ ಕಡೆಗೆ ಸರಿದು ಟೋಪಿಯ ಅಂಚನ್ನು ತುಸು ಹೆಚ್ಚು ಗಟ್ಟಿಗೊಳಿಸುತ್ತದೆ, ಟೋಪಿಯ ಕಡೆಯ ದಣಿದ ದ್ರಾವಣ ಹಣೆಯ ಅಂಚನ್ನು ತುಸು ತೆಳುಗೊಳಿಸುತ್ತದೆ. ಕಣ್ಣು ಇದನ್ನು ಚೂಪೆಂದು ಓದಿಕೊಳ್ಳುತ್ತದೆ. ಲೆನ್ಸು ಕೊಡದ ಚೂಪನ್ನು ರಸಾಯನ ಕೊಡುವ ಪ್ರಸಂಗ ಇದು. ಡೆವಲಪರಿನ ಆಯ್ಕೆಯಲ್ಲಿ ಇಷ್ಟು ಸೊಗಸಾದ ಭಾಗ ಬೇರೊಂದಿಲ್ಲ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಪುಸ್ತಕಗಳಲ್ಲಿ ಅಚ್ಚಾಗಿರುವ ಡೆವಲಪಿಂಗ್ ವೇಳೆಗಳೆಲ್ಲ ಬಹುತೇಕ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದವು. ತಂಪು ದೇಶಗಳ ನಲ್ಲಿಯ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಸಿಗುವ ಈ ಉಷ್ಣತೆ, ಬೇಸಿಗೆಯಲ್ಲಿ ಹಗಲು 40 ಡಿಗ್ರಿಯ ಹತ್ತಿರ ಮುಟ್ಟುವ ಶೇಡಬಾಳ, ಅಥಣಿ, ರಾಯಬಾಗದ ಬಯಲಿನಲ್ಲಿ ತಾನಾಗಿ ಸಿಗುವುದು ಚಳಿಗಾಲದಲ್ಲಿ ಮಾತ್ರ. ಬಿಸಿಲಿಗೆ ಕಾಯ್ದ ತೊಟ್ಟಿಯ ನೀರು 30 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಉಷ್ಣತೆ ಏರಿದಂತೆ ಕ್ರಿಯೆ ಚುರುಕಾಗುತ್ತದೆ: ಇಲ್ಫೋರ್ಡಿನ ಎಚ್‌ಪಿ5 ಪ್ಲಸ್ ಫಿಲಮಿಗೆ ನೀರು ಬೆರೆಸದ ಐಡಿ-11ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಬೇಕು, 27 ಡಿಗ್ರಿಯಲ್ಲಿ ಅದು ಸುಮಾರು 4 ನಿಮಿಷಕ್ಕೆ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕಡಿಮೆ ವೇಳೆಯಲ್ಲಿ ಟ್ಯಾಂಕಿಗೆ ದ್ರಾವಣ ಸುರಿಯುವ, ಹೊರಚೆಲ್ಲುವ ಕ್ಷಣಗಳೇ ದೊಡ್ಡ ಪಾಲಾಗಿ ಚಿತ್ರದ ಆಕಾಶದಲ್ಲಿ ಪಟ್ಟೆಗಳು ಮೂಡುವ ಅಪಾಯವಿದೆ. ಅದೇ ಐಡಿ-11ಕ್ಕೆ ಸಮಪಾಲು ನೀರು ಬೆರೆಸಿದರೆ 20 ಡಿಗ್ರಿಯ ವೇಳೆ 13 ನಿಮಿಷ, 27 ಡಿಗ್ರಿಯ ವೇಳೆ ಸುಮಾರು 7 ನಿಮಿಷ. ಬಿಸಿಲ ಸೀಮೆಯ ಕಡು ಬೆಳಕನ್ನು ಹಿಡಿತಕ್ಕೆ ತರುವ ಅದೇ ತೆಳುಗೊಳಿಸುವಿಕೆ ಬಿಸಿಲ ಸೀಮೆಯ ಉಷ್ಣತೆಯನ್ನೂ ಹಿಡಿತಕ್ಕೆ ತರುತ್ತದೆ. ಈ ಎರಡು ಲಾಭ ಒಂದೇ ಉಪಾಯದಲ್ಲಿ ಕೂಡಿಬರುವುದನ್ನು ತಂಪು ದೇಶದ ಕೈಪಿಡಿಗಳು ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಬಿಸಿಯ ಇನ್ನೊಂದು ಕೇಡು ಜಿಲೆಟಿನ್ನಿನ ಮೇಲೆ. ನೀರು ಕುಡಿದು ಉಬ್ಬಿದ ಲೇಪ ಬಿಸಿಯಲ್ಲಿ ಮೆತ್ತಗಾಗಿ ಉಗುರು ತಾಗಿದರೂ ಕಿತ್ತುಬರುತ್ತದೆ. ಬಿಸಿ ಡೆವಲಪರಿನಿಂದ ತಣ್ಣೀರಿಗೆ ಒಮ್ಮೆಲೇ ಹಾಕಿದರೆ ಬತ್ತಿದ ಕೆರೆಯ ತಳದಂತೆ ಬಿರುಕಿನ ಜಾಲವೇಳುತ್ತದೆ. ಇದಕ್ಕೆಂದೇ ಉಷ್ಣದೇಶಗಳ ಡೆವಲಪರುಗಳು ಹುಟ್ಟಿಕೊಂಡವು. ಲೀಟರಿಗೆ 50ರಿಂದ 100 ಗ್ರಾಂವರೆಗೆ ಸೋಡಿಯಂ ಸಲ್ಫೇಟ್ ಸೇರಿಸಿದರೆ ಲೇಪ ಹೆಚ್ಚು ಉಬ್ಬುವುದಿಲ್ಲ, ಆಮೇಲೆ ಕ್ರೋಮ್ ಆಲಂ ಬೆರೆಸಿದ ನೀರಿನಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ. ಇಂದಿನ ಫಿಲಮುಗಳ ಲೇಪ ಕಾರ್ಖಾನೆಯಲ್ಲಿಯೇ ಸಾಕಷ್ಟು ಗಟ್ಟಿಯಾಗಿ ಬರುವುದರಿಂದ ಈ ಪಾಕಗಳ ಅಗತ್ಯ ಕಡಿಮೆಯಾಗಿದೆ. ಮಣ್ಣಿನ ಗಡಿಗೆಯ ಅಗತ್ಯ ಮಾತ್ರ ಕಡಿಮೆಯಾಗಿಲ್ಲ: ಒಣಹವೆಯ ಏಪ್ರಿಲಿನಲ್ಲಿ ರಾತ್ರಿಯಿಡೀ ಗಡಿಗೆಯಲ್ಲಿಟ್ಟ ನೀರು ಹಲವು ಡಿಗ್ರಿ ತಂಪಾಗಿ, ಮಂಜುಗಡ್ಡೆಯ ತುಂಡುಗಳಿಗಿಂತ ಹೆಚ್ಚು ಸಮವಾದ ಉಷ್ಣತೆ ಕೊಡುತ್ತದೆ. ಡೆವಲಪರು, ಬಿಂಬವನ್ನು ಸ್ಥಿರಗೊಳಿಸುವ ಫಿಕ್ಸರು, ತೊಳೆಯುವ ನೀರು ಎಲ್ಲವೂ ಒಂದೇ ಉಷ್ಣತೆಯಲ್ಲಿರುವುದು ಅದು 20 ಡಿಗ್ರಿಯೇ ಆಗಿರುವುದಕ್ಕಿಂತ ಮುಖ್ಯ.

ನೀರಿನ ಗುಣವೂ ಇಷ್ಟೇ ಗಂಭೀರ ವಿಷಯ. ಕಪ್ಪುಮಣ್ಣಿನ ಬಾವಿ, ಬೋರುಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟಿಸುವ ಕ್ಯಾಲ್ಸಿಯಂ ಡೆವಲಪರಿನ ಸಲ್ಫೈಟು, ಕಾರ್ಬೊನೇಟುಗಳೊಂದಿಗೆ ಕೂಡಿ ಗಸಿಯಾಗಿ ಇಳಿಯುತ್ತದೆ, ಫಿಲಮಿನ ಮೇಲೆ ಬಿಳಿ ಚುಕ್ಕೆಗಳಾಗಿ ಒಣಗುತ್ತದೆ. ಎಕ್ಸ್‌ಟಾಲಿನಂಥ ಆಸ್ಕಾರ್ಬೇಟ್ ಡೆವಲಪರುಗಳಿಗೆ ಕಬ್ಬಿಣ, ತಾಮ್ರಗಳ ಸುಳಿವೂ ಆಗದು, ಅವು ಹೊರಗೆ ಯಾವ ಬಣ್ಣದ ಬದಲಾವಣೆಯನ್ನೂ ತೋರಿಸದೆ ಸತ್ತುಹೋಗುತ್ತವೆ, ರೋಲು ಬರಿದಾಗಿ ಹೊರಬರುತ್ತದೆ. ಜೈನ ಮುನಿ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಶೇಡಬಾಳದಂಥ ಊರಿನ ಜೈನ ಸಂಪ್ರದಾಯದಲ್ಲಿ ನೀರನ್ನು ಸೋಸಿ ಕಾಯಿಸಿ ಬಳಸುವ ಪದ್ಧತಿ ಅಹಿಂಸೆಗಾಗಿ ಬೆಳೆದದ್ದು. ಅದೇ ಪದ್ಧತಿ ಕತ್ತಲೆಕೋಣೆಗೂ ಹೇಳಿಮಾಡಿಸಿದಂತಿದೆ. ಕಾಯಿಸಿದಾಗ ನೀರಿನ ತಾತ್ಕಾಲಿಕ ಗಡಸುತನ ಪೊರೆಯಾಗಿ ಕೆಳಗಿಳಿಯುತ್ತದೆ, ಡೆವಲಪರನ್ನು ಕೆಡಿಸುವ ಗಾಳಿಯೂ ಹೊರಹೋಗುತ್ತದೆ. ಕಾಯಿಸಿದರೂ ಹೋಗದ ಗಡಸುತನಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ನೀರು ಸಾಕು. ಇಂಥ ನೀರಿನಲ್ಲಿ ಕಲಸಿದ ಸಾಧಾರಣ ಡಿ-76, ಬೋರಿನ ನೀರಿನಲ್ಲಿ ಕಲಸಿದ ಅತಿ ಬೆಲೆಯ ಡೆವಲಪರಿಗಿಂತ ಒಳ್ಳೆಯ ನೆಗೆಟಿವ್ ಕೊಡಬಲ್ಲದು.

ಡೆವಲಪರುಗಳ ಕುರಿತ ವಾದಗಳಲ್ಲಿ ಬಹಳಷ್ಟು ದಾರಿತಪ್ಪುವುದು ಹೋಲಿಕೆಯ ವಿಧಾನದಲ್ಲಿ. ಒಂದು ರೋಲನ್ನು ಒಂದರಲ್ಲಿ ಹೆಚ್ಚು ಹೊತ್ತು, ಇನ್ನೊಂದನ್ನು ಮತ್ತೊಂದರಲ್ಲಿ ಕಡಿಮೆ ಹೊತ್ತು ಇಟ್ಟು ಹೋಲಿಸಿದರೆ ಕಾಣುವುದು ಕಾಂಟ್ರಾಸ್ಟಿನ, ಅಂದರೆ ಕಪ್ಪು-ಬಿಳುಪಿನ ಅಂತರದ, ವ್ಯತ್ಯಾಸವೇ ಹೊರತು ಡೆವಲಪರಿನ ಗುಣವಲ್ಲ. ಕಾಂಟ್ರಾಸ್ಟ್ ಹೆಚ್ಚಿದ್ದರೆ ಕಣವೂ ದಪ್ಪವಾಗಿ, ಅಂಚೂ ಚೂಪಾಗಿ ತೋರುತ್ತದೆ. ಎರಡನ್ನೂ ಒಂದೇ ಕಾಂಟ್ರಾಸ್ಟಿಗೆ ತಂದು, ನೆರಳಿನ ಭಾಗಕ್ಕೆ ಒಂದೇ ಬೆಳಕು ಕೊಟ್ಟು ನೋಡಿದಾಗ ಉಳಿಯುವ ಅಂತರ ಕೇಳಿಬರುವ ಹೊಗಳಿಕೆಗಿಂತ ಎಷ್ಟೋ ಚಿಕ್ಕದು. 1980ರ ದಶಕದಿಂದ ಬಂದ ಚಪ್ಪಟೆ ಹರಳಿನ ಫಿಲಮುಗಳಲ್ಲಿ ಕಣ ಮೊದಲೇ ನಯವಾದ್ದರಿಂದ ಡೆವಲಪರಿನ ಭೇದ ಇನ್ನೂ ಕಿರಿದಾಗಿದೆ, ವೇಳೆ ಮತ್ತು ಉಷ್ಣತೆಯ ಚಿಕ್ಕ ತಪ್ಪಿಗೆ ಅವು ಕೊಡುವ ಶಿಕ್ಷೆ ಮಾತ್ರ ಹಿರಿದಾಗಿದೆ. ವೇಗ ಏರಿಸುವ ಮಾತೂ ಹಾಗೆಯೇ: ಡೆವಲಪರಿನಲ್ಲಿ ಹೆಚ್ಚು ಹೊತ್ತಿಟ್ಟು 400ರ ವೇಗದ ಫಿಲಮನ್ನು 1600 ಎಂದು ಬಳಸಿದಾಗ ಬಿಳುಪು ಮೇಲೇರುತ್ತದೆ, ಬೆಳಕೇ ತಾಗದ ನೆರಳಿನಲ್ಲಿ ಯಾವ ದ್ರಾವಣವೂ ವಿವರ ಹುಟ್ಟಿಸಲಾರದು.

ಇಲ್ಲಿಯವರೆಗೆ ಹೇಳಿದವಲ್ಲದೆ ಬೇರೆ ಬಗೆಯವೂ ಇವೆ. ಪೈರೋಗಾಲಾಲ್ ಆಧರಿಸಿದ ಡೆವಲಪರುಗಳು ಬೆಳ್ಳಿಯ ಜೊತೆಗೆ ಹಳದಿ-ಕಂದು ಕಲೆಯನ್ನೂ ಬಿಡುತ್ತವೆ. ಆ ಕಲೆ ಕಣಗಳ ನಡುವಿನ ಸಂದನ್ನು ತುಂಬಿ ಬಿಳಿಯ ಭಾಗಗಳ ಛಾಯೆಗಳನ್ನು ಬಿಡಿಬಿಡಿಯಾಗಿ ಉಳಿಸುತ್ತದೆ. ಬೆಳ್ಳಗಿನ ಬಟ್ಟೆಗಳ ಈ ಸೀಮೆಗೆ ಅದು ಚೆನ್ನಾಗಿಯೇ ಹೊಂದಬಹುದು, ಆದರೆ ಪೈರೋ ವಿಷಕಾರಿ, ಕೈಗವಸಿಲ್ಲದೆ ಮುಟ್ಟುವಂಥದ್ದಲ್ಲ. ಅಮೆರಿಕದ ರೋಚೆಸ್ಟರಿನಲ್ಲಿ ಸ್ಕಾಟ್ ವಿಲಿಯಮ್ಸ್ ಅವರ ವಿದ್ಯಾರ್ಥಿಗಳು 1995ರಲ್ಲಿ ಇನ್‌ಸ್ಟಂಟ್ ಕಾಫಿ ಮತ್ತು ವಾಷಿಂಗ್ ಸೋಡಾದಿಂದ ಫಿಲಮಿನಲ್ಲಿ ಬಿಂಬ ಮೂಡಿಸಿದರು. ಕಲಿಯುವವರಿಗೆ ಅದು ಒಳ್ಳೆಯ ಪಾಠ, ನಂಬಿ ಕೆಲಸ ಒಪ್ಪಿಸಲು ಅದರ ಮಬ್ಬು ಹೆಚ್ಚು.

ಕರ್ನಾಟಕದಲ್ಲಿಯೂ ಅದರ ನೆರೆಯಲ್ಲಿಯೂ ಕಪ್ಪು-ಬಿಳುಪಿನ ಪರಂಪರೆ ಚಿಕ್ಕದಲ್ಲ. ಶೇಡಬಾಳದಿಂದ ಹೆಚ್ಚು ದೂರವಿಲ್ಲದ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ 1918ರಲ್ಲಿ ಮಹಾರಾಷ್ಟ್ರ ಫಿಲಂ ಕಂಪನಿ ಕಟ್ಟಿದ ಕಾಲದ ಫಿಲಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲವಾದ್ದರಿಂದ ಕೆಂಪು ದೀಪದಡಿ ಬಿಂಬ ಏರುವುದನ್ನು ಕಣ್ಣಾರೆ ನೋಡುತ್ತ ತೆಗೆಯಬಹುದಿತ್ತು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲಮು ಬಂದ ಮೇಲೆ ಕಣ್ಣಿನ ಜಾಗವನ್ನು ಗಡಿಯಾರ ಮತ್ತು ಥರ್ಮಾಮೀಟರು ಹಿಡಿದವು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕಪ್ಪು-ಬಿಳುಪಿನ ಕಸುಬನ್ನು ಎತ್ತರಕ್ಕೆ ಒಯ್ದರು. ಟಿ.ಎಸ್. ಸತ್ಯನ್ ಅವರ ಪತ್ರಿಕಾ ಚಿತ್ರಗಳು, ಸಂಡೂರಿನ ಎಂ.ವೈ. ಘೋರ್ಪಡೆಯವರ ವನ್ಯಜೀವಿ ಚಿತ್ರಗಳು, ಟಿ.ಎನ್.ಎ. ಪೆರುಮಾಳ್ ಅವರ ಮುದ್ರಣಗಳು ಇದೇ ಬಿಸಿಲು, ಇದೇ ನೀರಿನ ನಾಡಿನಲ್ಲಿ ರೂಪುಗೊಂಡವು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಉತ್ಪಾದನೆ ನಡೆಸಿದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲಮು, ಕಾಗದಗಳು ದೇಶದ ಸ್ಟುಡಿಯೋಗಳನ್ನು ಹಲವು ವರ್ಷ ಸಾಕಿದವು. ಗಿರೀಶ ಕಾಸರವಳ್ಳಿಯವರ ನಿರ್ದೇಶನ, ಎಸ್. ರಾಮಚಂದ್ರ ಅವರ ಛಾಯಾಗ್ರಹಣದ 1977ರ 'ಘಟಶ್ರಾದ್ಧ' ಕಪ್ಪು-ಬಿಳುಪು ಚಿತ್ರ 2024ರಲ್ಲಿ ಜೀರ್ಣೋದ್ಧಾರಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಕಂಡಿತು. ಎಷ್ಟು ಹೊಸ ಯಂತ್ರಗಳಿದ್ದರೂ ಜೀರ್ಣೋದ್ಧಾರ ಮಾಡುವವರು ಕೊನೆಗೆ ಆಶ್ರಯಿಸುವುದು ಆಗ ಬೆಳ್ಳಿಯಲ್ಲಿ ಉಳಿದ ವಿವರವನ್ನೇ. ಡೆವಲಪರಿನಲ್ಲಿ ಕಳೆದುಹೋದದ್ದು ಸ್ಕ್ಯಾನರಿಗೂ ಸಿಗುವುದಿಲ್ಲ.

ಕೃಷ್ಣೆಯ ಈ ಬಯಲಿನಲ್ಲಿ ಇಂದು ಕಪ್ಪು-ಬಿಳುಪು ಫಿಲಮು ಕೈಗೆತ್ತಿಕೊಳ್ಳುವವರಿಗೆ ಡಿ-76 ಅಥವಾ ಐಡಿ-11ನ್ನು ಸಮಪಾಲು ನೀರಿನಲ್ಲಿ ತೆಳುಗೊಳಿಸಿ, ಒಮ್ಮೆ ಬಳಸಿ ಚೆಲ್ಲುವ ಪದ್ಧತಿಯೇ ಸರಿಯಾದ ಆರಂಭ. ಚೆಲ್ಲುವ ಡೆವಲಪರು ಮತ್ತು ಬೆಳ್ಳಿ ಕರಗಿದ ಫಿಕ್ಸರು ಬಾವಿಯ ಕಡೆಗಾಗಲಿ ಹೊಲದ ಕಾಲುವೆಗಾಗಲಿ ಹರಿಯಬಾರದು. ಒಂದು ವರ್ಷ ಅದೊಂದರಲ್ಲಿಯೇ ಕೈ ಕುದುರಿದ ಮೇಲೆ ಮಾತ್ರ ಬೇರೆ ಡೆವಲಪರಿನ ಕಡೆ ಹೊರಳುವುದು ಒಳ್ಳೆಯದು, ಏಕೆಂದರೆ ಹೋಲಿಸಲು ಆಗ ಒಂದು ನೆಲೆ ಇರುತ್ತದೆ. ಪ್ರತಿ ನೆಗೆಟಿವಿನ ಲಕೋಟೆಯ ಮೇಲೆ ಡೆವಲಪರಿನ ಹೆಸರು, ನೀರಿನ ಪ್ರಮಾಣ, ಉಷ್ಣತೆ, ನಿಮಿಷ ಈ ನಾಲ್ಕನ್ನು ಬರೆದಿಡಬೇಕು. ಮುಚ್ಚಿದ ಸ್ಟುಡಿಯೋಗಳ ಅಟ್ಟದ ಮೇಲೆ ಹಳೆಯ ನೆಗೆಟಿವಿನ ಡಬ್ಬಿಗಳು ಉಳಿದಿದ್ದರೆ, ಅವುಗಳ ವಾರಸುದಾರರು ಅವನ್ನು ರದ್ದಿಗೆ ಹಾಕುವ ಮುನ್ನ ಒಂದೊಂದನ್ನು ಬೆಳಕಿಗೆ ಹಿಡಿದು, ಟೋಪಿಯ ಬಟ್ಟೆಯಲ್ಲಿ ನೇಯ್ಗೆಯ ಎಳೆಗಳೂ ಕಣ್ಣಿನ ನೆರಳಿನಲ್ಲಿ ನೆರಿಗೆಗಳೂ ಉಳಿದಿವೆಯೇ ಎಂದು ನೋಡಲಿ.